ಕಲೆ ತೆಗೆಯುವವಳು

ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಸ್ತ್ರಿಯ ಉರುಳೆಗೆ ಸಿಕ್ಕಿ ಒಂದು ಮನೆಯ ಸೊಸೆಯ ಬಲಗೈಯ ಕೊನೆಯ ಎರಡು ಬೆರಳು ಸುಟ್ಟವು. ಐದನೆಯ ದಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಬಿತ್ತು. ಗೆರೆಯ ಪಕ್ಕದಲ್ಲಿ ‘ತಾನಾಗಿ ಬಿಟ್ಟಿದ್ದಾಳೆ’ ಎಂದು ಬರೆದಿತ್ತು. ಗೆರೆ ಎಳೆದವನೂ ಬರೆದವನೂ ಅವಳ ಗಂಡ. ಅಲ್ಲಿ ಅವನು ಮೇಸ್ತ್ರಿ.

ಸುದ್ದಿಯನ್ನು ಮನೆಗೆ ತಂದವನೂ ಅವನೇ. ಸಂಜೆ ಕೈಕಾಲು ತೊಳೆದು ಊಟಕ್ಕೆ ಕೂತವನು ಅವಳ ಕೊನೆಯ ಸಂಬಳದ ಲಕೋಟೆಯನ್ನು ನೀರಿನ ಲೋಟದ ಪಕ್ಕದಲ್ಲಿಟ್ಟ. ಅತ್ತೆ ಬಡಿಸುತ್ತಿದ್ದಳು. ಮಾವ ಗೋಡೆಗೆ ಒರಗಿ ಅನ್ನ ಕಲಸುತ್ತಿದ್ದ. ಎಂಟನೆಯ ತರಗತಿಯ ಮಗಳನ್ನು ಬಾಯಿ ಮುಚ್ಚದವಳೆಂದು ಮನೆಯವರು ಗಿಣಿ ಎಂದೇ ಕರೆಯುತ್ತಿದ್ದರು. ಅವಳೂ ಅಂದು ಬಾಯಿ ಮುಚ್ಚಿಕೊಂಡು ಅಮ್ಮನ ಬ್ಯಾಂಡೇಜನ್ನೇ ನೋಡುತ್ತಿದ್ದಳು.

“ಗೆರೆ ಎಳೆದಿದ್ದು ಯಾರು?” ಎಂದಳು ಸೊಸೆ.

“ಯಜಮಾನರು ಹೇಳಿದ್ರು. ನಾನು ಎಳೆದೆ.”

“ನಾಳೆ ಹೋಗಿ ಅಳಿಸಿ ಬನ್ನಿ.”

“ಹಾಜರಿ ಪುಸ್ತಕ ಅಂದ್ರೆ ಸ್ಲೇಟು ಅಂದ್ಕೊಂಡ್ಯಾ? ಎಳೆದ ಗೆರೆ ಅಳಿಸೋ ಹಾಗಿಲ್ಲ. ಅಳಿಸಿದ್ರೆ ನನ್ನ ಕೆಲಸ ಹೋಗುತ್ತೆ. ಒಂದೇ ಮನೇಲಿ ಇಬ್ಬರೂ ಕೂತ್ಕೋಬೇಕಾ?”

‘ತಾನಾಗಿ’ ಎಂಬ ಮೂರಕ್ಷರ ಏನು ಮಾಡುತ್ತದೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಾನಾಗಿ ಬಿಟ್ಟವಳಿಗೆ ಆಸ್ಪತ್ರೆಯ ಖರ್ಚಿಲ್ಲ, ಪರಿಹಾರವಿಲ್ಲ, ಕೈ ಸಿಗದಂತೆ ಉರುಳೆಯ ಮುಂದಿದ್ದ ತಡೆಕಂಬಿ ಏನಾಯಿತೆಂದು ಕೇಳುವ ಬಾಯಿಯೂ ಇಲ್ಲ. ಕಂಬಿ ಇದ್ದರೆ ಗಂಟೆಗೆ ಹತ್ತು ಹಾಸಿಗೆಬಟ್ಟೆ ಕಡಿಮೆಯಾಗುತ್ತದೆಂದು ಅದನ್ನು ಬಿಚ್ಚಿ ಮೂಲೆಗೆ ಒರಗಿಸಿ ಎರಡು ವರ್ಷವಾಗಿತ್ತು. ಬಿಚ್ಚಿದ ದಿನ ಸ್ಪ್ಯಾನರ್ ಹಿಡಿದಿದ್ದವನೂ ಮೇಸ್ತ್ರಿಯೇ. ಅಲ್ಲಿನ ಹೆಂಗಸರು ಅವನನ್ನು ಬೆನ್ನ ಹಿಂದೆ ‘ಹಾಜರಿ’ ಎಂದು ಕರೆಯುತ್ತಿದ್ದರು. ಅವನ ಹೆಂಡತಿ ಅದನ್ನು ಕೇಳಿಸಿಕೊಂಡೂ ಕೇಳಿಸದವಳಂತೆ ಹನ್ನೆರಡು ವರ್ಷ ಅವರ ನಡುವೆ ದುಡಿದಿದ್ದಳು.

ಸೊಸೆ ಎಡಗೈಯಿಂದ ಲಕೋಟೆ ಎತ್ತಿ ಬೇಳೆಡಬ್ಬದ ಹಿಂದೆ ಇಟ್ಟಳು.

ಕೈ ನೀರಿಗೆ ತಾಗಬಾರದೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅತ್ತೆಗೆ ಸೊಂಟ ಬಗ್ಗದು. ಮೂರು ವಾರ ಪಾತ್ರೆ ತೊಳೆದವನು ಮೇಸ್ತ್ರಿ. ನೆರೆಯವರಿಗೆ ಕಾಣಬಾರದೆಂದು ಅಡುಗೆಮನೆಯ ಕಿಟಕಿ ಮುಚ್ಚಿಕೊಂಡು, ಬಾಗಿಲು ಹಾಕಿಕೊಂಡು, ಸದ್ದಾಗದ ಹಾಗೆ ತೊಳೆಯುತ್ತಿದ್ದ. ಲೋಟಗಳ ತಳದಲ್ಲಿ ಸೋಪು ಉಳಿದಿರುತ್ತಿತ್ತು. ಚಹಾಕ್ಕೆ ಸೋಪಿನ ರುಚಿ ಬಂದರೂ ಎಲ್ಲರೂ ಕುಡಿದರು.

ಬ್ಯಾಂಡೇಜು ಬಿಚ್ಚಿದ ದಿನ ನರ್ಸು ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದಳು. ಎರಡು ಮಡಿಯಲಿಲ್ಲ. ಮೆತ್ತಗಿರುವುದೇನನ್ನಾದರೂ ದಿನವೂ ಹಿಸುಕುತ್ತಿರಬೇಕು, ಸುಮ್ಮನೆ ಬಿಟ್ಟರೆ ಬೆರಳು ಕೋಲಾಗುತ್ತದೆ ಎಂದಳು. ಮನೆಗೆ ಬಂದಾಗ ಅತ್ತೆ ಹಿಟ್ಟು ಕಲಸಿ ಮುಂದಿಟ್ಟಳು. ಹಿಟ್ಟು ಹಿಸುಕುತ್ತ ಕೂತ ಅಮ್ಮನನ್ನು ನೋಡಿ ಗಿಣಿ, ಕೇಕಿನ ಮೇಲೆ ಹೂ ಬಿಡಿಸುವವರೂ ಹೀಗೇ ಹಿಸುಕುವುದು, ದಿನಕ್ಕೆ ನೂರು ಸಲ, ಅದಕ್ಕೆ ದುಡ್ಡೂ ಕೊಡುತ್ತಾರೆ ಎಂದಳು.

ಅದು ಹುಡುಗಿಯ ಮಾತು. ಆದರೆ ಸೊಸೆಗೆ ನಾಟಿತು. ಹನ್ನೆರಡು ವರ್ಷ ಹೋಟೆಲುಗಳ ಮೇಜುಬಟ್ಟೆ ಒಗೆದ ಅವಳು ಕೇಕನ್ನು ತಿಂದದ್ದಕ್ಕಿಂತ ತೊಳೆದದ್ದೇ ಹೆಚ್ಚು. ಬೆಣ್ಣೆಯ ಕಲೆಗೆ ಬಿಸಿನೀರು, ಮೊಟ್ಟೆಯ ಕಲೆಗೆ ತಣ್ಣೀರು, ಚಾಕೊಲೇಟಿಗೆ ಮೊದಲು ಕೆರೆದು ಆಮೇಲೆ ಸೋಪು. ಯಾವ ಹೋಟೆಲು ಬೆಣ್ಣೆಯ ಬದಲು ಅಗ್ಗದ ಡಾಲ್ಡಾ ಬಳಸುತ್ತದೆಂದು ಕಲೆ ಮುಟ್ಟಿ ಹೇಳಬಲ್ಲವಳಾಗಿದ್ದಳು.

ಮುಚ್ಚಿಹೋಗುತ್ತಿದ್ದ ಚಹಾದಂಗಡಿಯಿಂದ ಒಂದು ಹಳೆಯ ಕರೆಂಟಿನ ಓವನ್ನು ಬಂತು. ತಿರುಗಿಸುವ ಗುಂಡಿಯ ಸುತ್ತಲಿನ ಅಂಕಿಗಳು ಉಜ್ಜಿ ಉಜ್ಜಿ ಅಳಿಸಿಹೋಗಿದ್ದವು. ಉಳಿದದ್ದನ್ನು ಕೊಳ್ಳಲು ತಾಯಿ ಮಗಳು ಬೇಕರಿ ಸಾಮಾನಿನ ಅಂಗಡಿಗೆ ಹೋದರು. ಅಂಗಡಿಯಾಕೆ ದಪ್ಪ ಕನ್ನಡಕದ ಹೆಂಗಸು, ಎಲ್ಲರಿಗೂ ಅಕ್ಕ. ಗಿಣಿ ಒಳಗೆ ಕಾಲಿಟ್ಟವಳೇ ಗಾಜಿನ ಕಪಾಟಿನ ಮುಂದೆ ನಿಂತಳು. ಅಲ್ಲಿ ಕ್ರೀಮು ಒತ್ತುವ ಐವತ್ತೆರಡು ನಾಜಲ್‌ಗಳ ಪೆಟ್ಟಿಗೆ ಮಿರಮಿರ ಮಿಂಚುತ್ತಿತ್ತು. ಎಲೆಗೊಂದು, ಗುಲಾಬಿಗೊಂದು, ಜಾಲರಿಗೊಂದು.

“ಅದನ್ನ ಬಿಡು ಮಗಳೇ,” ಎಂದಳು ಅಂಗಡಿಯಾಕೆ. “ಐವತ್ತೆರಡು ಕೊಂಡೋರೂ ಕೆಲಸ ಮಾಡೋದು ಎರಡರಲ್ಲೇ. ಮಿಕ್ಕ ಐವತ್ತರಲ್ಲಿ ಮನೆ ಮಕ್ಕಳು ಆಟ ಆಡ್ತಾರೆ.”

ಒಂದು ದುಂಡು ಬಾಯಿಯದು, ಒಂದು ನಕ್ಷತ್ರದ್ದು ಎಂದು ಎರಡನ್ನೇ ತೆಗೆದು ಮುಂದಿಟ್ಟಳು. ಜೊತೆಗೆ ತೂಕದ ಯಂತ್ರ, ಕ್ರೀಮು ಹಚ್ಚಲು ಕತ್ತು ಬಾಗಿದ ಚಾಕು, ಬೀಟರ್, ಕ್ರೀಮು ತುಂಬುವ ಬ್ಯಾಗು. ಸೊಸೆಯ ಕೈ ನೋಡಿದ ಮೇಲೆ ದೊಡ್ಡ ಬ್ಯಾಗನ್ನು ಒಳಗಿಟ್ಟು ಚಿಕ್ಕದನ್ನು ತಂದಳು. ಅರ್ಧಕ್ಕಿಂತ ಹೆಚ್ಚು ತುಂಬಬೇಡ, ಹಿಂದಿನಿಂದ ತಿರುಚಿ ಹಿಡಿ, ಒತ್ತುವುದು ಅಂಗೈ, ದಾರಿ ತೋರಿಸುವುದು ಇನ್ನೊಂದು ಕೈ. ನಡುವೆ ಒತ್ತಿದರೆ ಹಿಂದಿನಿಂದ ಹೊರಗೆ ಬರುತ್ತದೆ ಎಂದು ತೋರಿಸಿಕೊಟ್ಟಳು.

“ಇದೊಂದು ಕಲೆ ಕಣಮ್ಮ. ನಿಧಾನಕ್ಕೆ ಬರುತ್ತೆ.”

“ಕಲೆ ತೆಗೆಯೋದು ಗೊತ್ತಕ್ಕ. ಹಾಕೋದು ಗೊತ್ತಿಲ್ಲ.”

ಅಂಗಡಿಯಾಕೆ ನಕ್ಕುಬಿಟ್ಟಳು. ಕೈ ಸುಟ್ಟ ಮೇಲೆ ಸೊಸೆ ನಕ್ಕದ್ದೂ ಅದೇ ಮೊದಲು.

ಕೇಕಿನ ಟಿನ್ನು ಕೊಳ್ಳಲಿಲ್ಲ. ಕೊಳ್ಳಬೇಡ ಎಂದು ಮಾವ ಮೊದಲೇ ಹೇಳಿದ್ದ. ಅವನು ಮೂವತ್ತೈದು ವರ್ಷ ತಗಡಿನ ಕೆಲಸ ಮಾಡಿದವನು; ಸೀಮೆಎಣ್ಣೆಯ ಆಲಿಕೆ, ನೀರಿನ ಮಗ್ಗು, ಮಳೆನೀರು ಹರಿಯುವ ಛಾವಣಿಯ ದೋಣಿ ಅವನ ಕೈಯಲ್ಲಿ ಆಗದ್ದಿಲ್ಲ. ಎಂಟು ಇಂಚಿನ ದುಂಡು ಟಿನ್ನಿಗೆ ದುಡ್ಡು ಕೊಡುವುದು ತನ್ನ ಮುಖಕ್ಕೆ ಉಗಿದ ಹಾಗೆ ಎಂದುಕೊಂಡಿದ್ದ. ಎರಡು ದಿನ ಅಂಗಳದಲ್ಲಿ ಕೂತು ಬಡಿದು, ಬಾಗಿಸಿ, ಬೆಸುಗೆ ಹಾಕಿ, ನೀರು ತುಂಬಿಸಿ ತೋರಿಸಿದ. ಒಂದು ಹನಿ ಸೋರಲಿಲ್ಲ.

ಅಂದು ಸಂಜೆ ಮೇಸ್ತ್ರಿ ತೂಕದ ಯಂತ್ರ ನೋಡಿದ.

“ಆ ಲಕೋಟೆ ಛಾವಣಿ ರಿಪೇರಿಗೆ ಅಂತ ಇತ್ತು.”

“ಯಾರು ಹೇಳಿದ್ರು?”

“ಹೇಳಬೇಕಾ? ಸೋರ್ತಿರೋದು ಕಾಣಲ್ವಾ?”

“ನಾನಾಗಿ ಬಿಟ್ಟ ಕೆಲಸದ ದುಡ್ಡು,” ಎಂದಳು ಸೊಸೆ. “ನಾನಾಗಿ ಖರ್ಚು ಮಾಡಿದೆ.”

ಮೇಸ್ತ್ರಿ ತಟ್ಟೆ ಸರಿಸಿ ಎದ್ದ. ಅತ್ತೆ ಮಗನ ತಟ್ಟೆಯ ಅನ್ನವನ್ನು ಪಾತ್ರೆಗೆ ತಿರುಗಿ ಸುರಿಯುತ್ತ ಸೊಸೆಯ ಕಡೆ ತಿರುಗಿದಳು. ದುಡಿದು ತರುವವನು ಅವನೊಬ್ಬ, ಅವನನ್ನು ಊಟದ ಹೊತ್ತಿಗೇ ಚುಚ್ಚಬೇಕಾ, ಅಳತೆಗೆ ಕಣ್ಣಿಲ್ಲವಾ, ಈ ಯಂತ್ರ ಇಲ್ಲದೆ ತಾನು ನಾಲ್ಕು ಮಕ್ಕಳನ್ನು ಸಾಕಲಿಲ್ಲವಾ ಎಂದಳು. ಕೊನೆಗೆ, “ಒಂದು ಸಲ ಕೈ ಸುಟ್ಟುಕೊಂಡಿದ್ದೀಯ. ಇನ್ನೊಂದು ಸಲ ಸುಟ್ಟುಕೋಬೇಡ,” ಎಂದಳು. ಎರಡನೆಯ ಸುಡುವುದು ದುಡ್ಡಿನದೆಂದು ಎಲ್ಲರಿಗೂ ಅರ್ಥವಾಯಿತು. ಆದರೂ ಆ ಮಾತು ಮೊದಲನೆಯದರ ಮೇಲೇ ಬಿತ್ತು.

ಮರುದಿನ ಮೊದಲ ಕೇಕು. ಹಿಟ್ಟು, ಸಕ್ಕರೆ, ಬೆಣ್ಣೆ, ಮೊಟ್ಟೆ ಎಲ್ಲವನ್ನೂ ಯಂತ್ರದಲ್ಲಿ ತೂಗಿ ಮಾವನ ಟಿನ್ನಿಗೆ ಸುರಿದು ಓವನ್ನಿಗಿಟ್ಟರು. ಗುಂಡಿಯನ್ನು ಅಂದಾಜಿನಲ್ಲಿ ನಡುಮಧ್ಯಕ್ಕೆ ತಿರುಗಿಸಿದರು. ಹತ್ತು ನಿಮಿಷಕ್ಕೆ ಕರಕಲು ವಾಸನೆ ಬಂತು. ಬಾಗಿಲು ತೆರೆದರೆ ಟಿನ್ನಿನ ಬೆಸುಗೆ ಬಿಟ್ಟುಕೊಂಡಿತ್ತು. ಹಿಟ್ಟು ಹೊರಗೆ ಹರಿದು ಕೆಂಪಾದ ಕಂಬಿಗಳ ಮೇಲೆ ಸುಡುತ್ತಿತ್ತು. ಕೆಳಗಿನ ತಟ್ಟೆಯಲ್ಲಿ ಕರಗಿದ ಬೆಸುಗೆ ಬೆಳ್ಳಿಯ ಕಾಳುಗಳಂತೆ ಉರುಳಾಡುತ್ತಿತ್ತು.

ಆಲಿಕೆ, ಮಗ್ಗು, ದೋಣಿ ಇವು ಯಾವುವೂ ಬೆಂಕಿಯೊಳಗೆ ಹೋಗುವವಲ್ಲ. ಮೂವತ್ತೈದು ವರ್ಷದಲ್ಲಿ ಮಾವನಿಗೆ ಅದನ್ನು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಆ ಕಾಳುಗಳು ತಣ್ಣಗಾದ ಮೇಲೆ ಒಂದೊಂದಾಗಿ ಆರಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಬೆಳಗಿನ ಚಹಾ ಕುಡಿಯಲಿಲ್ಲ.

ಅತ್ತೆ ಅಂದು ಗಂಡನನ್ನೂ ಬಿಡಲಿಲ್ಲ. “ಆರು ಮೊಟ್ಟೆ ನೆಲಕ್ಕೆ. ಮಾವ ಸೊಸೆ ಸೇರಿ ಮನೆ ಉದ್ಧಾರ ಮಾಡ್ತಿದ್ದಾರೆ.”

ಮಾವ ಟಿನ್ನನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಸೊಸೆಯ ಜೊತೆ ಅಂಗಡಿಗೆ ಹೊರಟ. ಅಂಗಡಿಯಾಕೆ ಟಿನ್ನನ್ನು ಬೆಳಕಿಗೆ ಹಿಡಿದು, ಕೆಲಸ ಚೆನ್ನಾಗಿದೆ, ಆದರೆ ಬೆಸುಗೆಯಲ್ಲಿ ಸೀಸ ಇರುತ್ತದೆ, ಹೊಟ್ಟೆಗೆ ಹೋದರೆ ವಿಷ, ಇದನ್ನು ಗಿಡಕ್ಕೆ ಇಡಿ ಎಂದಳು. ಆಮೇಲೆ ಎಷ್ಟು ಶಾಖಕ್ಕೆ ಇಟ್ಟಿರಿ ಎಂದು ಕೇಳಿದಳು. ಗುಂಡಿ ನಡುವೆ ಇತ್ತು ಎಂದಾಗ ಹಲ್ಲಿನ ನಡುವೆ ಚ್ಚು ಎಂದು, ಕಪಾಟಿನಿಂದ ಗಡಿಯಾರದಂಥ ಒಂದು ಪುಟ್ಟ ಬಿಲ್ಲೆ ತೆಗೆದಳು. ಓವನ್ನಿನೊಳಗೆ ನೇತುಹಾಕುವ ಶಾಖಮಾಪಕ.

“ತಪ್ಪು ನಂದೇ. ಇದನ್ನ ಮೊದಲ ದಿನಾನೇ ಕೊಡಬೇಕಿತ್ತು. ಓವನ್ನು ಸುಳ್ಳು ಹೇಳುತ್ತೆ. ಇದು ಹೇಳಲ್ಲ.”

ಜೊತೆಗೆ ಎರಡು ಒಳ್ಳೆಯ ಟಿನ್ನು ಕೊಂಡರು. ಲಕೋಟೆ ಅಲ್ಲಿಗೆ ಬರಿದಾಯಿತು. ಕೇಕು ಇಟ್ಟು ತಿರುಗಿಸುವ ಟರ್ನ್‌ಟೇಬಲ್ಲು ಉಳಿದಿತ್ತು. ಅದನ್ನು ಮಾವ ಎತ್ತಿ ತಿರುಗಿಸಿ ನೋಡಿ, ತಲೆಕೆಳಗು ಮಾಡಿ ನೋಡಿ, “ಒಳಗೆ ಬೇರಿಂಗು ಅಷ್ಟೇ. ಇದು ಒಲೆಯೊಳಗೆ ಹೋಗಲ್ಲ ತಾನೇ?” ಎಂದು ಕೇಳಿದ. ಇಲ್ಲವೆಂದಾಗ ಕೆಳಗಿಟ್ಟ. ವಾರದೊಳಗೆ ಹಳೆಯ ಫ್ಯಾನಿನ ಬೇರಿಂಗಿನ ಮೇಲೆ ಮರದ ಬಿಲ್ಲೆ ಕೂರಿಸಿ ತಿರುಗುಮಣೆ ಮಾಡಿದ. ಒಂದು ಬೆರಳು ತಾಗಿಸಿದರೆ ಅದು ಸದ್ದಿಲ್ಲದೆ ಮೂರು ಸುತ್ತು ಸುತ್ತುತ್ತಿತ್ತು. ಕ್ರೀಮನ್ನು ಸಮ ಮಾಡಲು ಸ್ಟೀಲಿನ ಒಂದು ಪಟ್ಟಿಯನ್ನೂ ಕಡಿದುಕೊಟ್ಟ. ಅದರ ಅಂಚನ್ನು ಉಜ್ಜಿ, ಗಾಜಿನ ಮೇಲೆ ನಿಲ್ಲಿಸಿ, ಕೆಳಗಿನಿಂದ ಬೆಳಕು ತೂರುತ್ತದೆಯೇ ಎಂದು ನೋಡಿ ಮತ್ತೆ ಉಜ್ಜಿದ. ತೂರದಂತಾದ ಮೇಲೆ ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ.

ಕೇಕುಗಳು ಬೇಯತೊಡಗಿದವು. ಒಂದು ಗುಮ್ಮಟದಂತೆ ಉಬ್ಬಿತು, ಒಂದು ನಡುವೆ ಕುಸಿಯಿತು, ಒಂದು ತಳ ಹಿಡಿಯಿತು. ಎಲ್ಲವನ್ನೂ ಮನೆಯವರೇ ತಿನ್ನಬೇಕಾಗಿತ್ತು.

“ಬೆಳಿಗ್ಗೇನೂ ಕೇಕು, ಸಂಜೇನೂ ಕೇಕು,” ಎಂದಳು ಅತ್ತೆ. “ಈ ಮನೇಲಿ ದಿನಾ ಯಾರು ಹುಟ್ತಿದ್ದಾರೆ?”

ಬರೆಯುವುದನ್ನು ಕಲಿಯಲು ಕ್ರೀಮು ದುಬಾರಿ. ಆಲೂಗೆಡ್ಡೆ ಬೇಯಿಸಿ, ಹಾಲು ಹಾಕಿ ನುಣ್ಣಗೆ ನಾದಿ ಬ್ಯಾಗಿಗೆ ತುಂಬಿಕೊಂಡಳು. ಗಿಣಿ ಕಾಗದದಲ್ಲಿ ದೊಡ್ಡ ಅಕ್ಷರ ಬರೆದು ಅದರ ಮೇಲೆ ಎಣ್ಣೆಕಾಗದ ಹಾಸಿಕೊಡುವಳು. ತಾಯಿ ಅದರ ಮೇಲೆ ಒತ್ತುತ್ತ ಹೋಗುವಳು. ಬಲಗೈ ಅಂಗೈಯಲ್ಲಿ ಒತ್ತಡ, ಎಡಗೈ ತೋರುಬೆರಳಲ್ಲಿ ದಾರಿ. ಸುತ್ತಿ ಸುತ್ತಿ ಬರುವ ಅಕ್ಷರಗಳು ಬೇಗ ಒಲಿದವು. ಒತ್ತಕ್ಷರ ಬಂದಲ್ಲಿ ಬೆರಳು ಕೈಕೊಡುತ್ತಿತ್ತು. ರಾತ್ರಿಯ ಊಟಕ್ಕೆ ಅದೇ ಆಲೂಗೆಡ್ಡೆ. ಅತ್ತೆಗೆ ಓದು ಬಾರದು. ತನ್ನ ತಟ್ಟೆಗೆ ಬಿದ್ದದ್ದು ಯಾವ ಅಕ್ಷರ ಎಂದು ಮೊಮ್ಮಗಳನ್ನು ಕೇಳಿ, ಕೇಳಿದ ಮೇಲೆ ತಿನ್ನುವಳು. ಎರಡು ವಾರದಲ್ಲಿ ಅರ್ಧ ವರ್ಣಮಾಲೆ ಅವಳ ಹೊಟ್ಟೆಗೆ ಹೋಯಿತು. ಒಂದು ದಿನ ತಾನೇ, “ಇದು ‘ಅ’ ಅಲ್ವಾ?” ಎಂದಳು. ಸರಿಯಾಗಿತ್ತು.

ಓವನ್ನು ಬಂದ ಏಳನೆಯ ವಾರ ಕಾರ್ಖಾನೆಯಲ್ಲಿ ಒಗೆಯುವ ವಿಭಾಗದ ಹೆಂಗಸೊಬ್ಬಳು ತನ್ನ ಮಗನ ಹುಟ್ಟುಹಬ್ಬಕ್ಕೆ ಕೇಕು ಹೇಳಿದಳು. ಅದರ ಬೆನ್ನಿಗೇ ಇನ್ನೊಬ್ಬಳು. ಕೇಕು ಒಯ್ಯಲು ಬಂದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಉರುಳೆಗೆ ಈಗ ಹೊಸ ಹುಡುಗಿಯನ್ನು ಹಾಕಿದ್ದಾರೆ, ಅವಳು ಹೆದರಿ ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡು ನಿಲ್ಲುತ್ತಾಳೆ ಎಂದಳು. ಬಟ್ಟೆ ಸುತ್ತಿದರೆ ಉರುಳೆ ಇನ್ನೂ ಬೇಗ ಎಳೆಯುತ್ತದೆ.

ಆ ಸಂಜೆ ಸೊಸೆ ಗಂಡನನ್ನು ಕೇಳಿದಳು. “ಕಂಬಿ ಹಾಕಿಸಿದ್ರಾ?”

“ಹೇಳಿದ್ದೀನಿ.”

“ಯಾರಿಗೆ?”

ಹೇಳುವುದಕ್ಕೆ ಅವನಲ್ಲಿ ಬೇರೆ ಸುದ್ದಿಯಿತ್ತು. ಮುಂದಿನ ಭಾನುವಾರ ಕಾರ್ಖಾನೆಗೆ ಇಪ್ಪತ್ತೈದು ವರ್ಷ. ಯಜಮಾನರ ಕಿವಿಗೆ ಇವಳ ಕೇಕಿನ ಸುದ್ದಿ ಬಿದ್ದಿದೆ. ಎರಡು ಅಂತಸ್ತಿನ ದೊಡ್ಡ ಕೇಕು ಬೇಕು, ದುಡ್ಡು ಕೊಡುತ್ತಾರೆ, ಸಾಮಾನಿಗೆ ಮುಂಗಡವನ್ನೂ ಕಳಿಸಿದ್ದಾರೆ. ನಿನ್ನ ಹೆಂಡತಿಗೆ ಕೆಲಸ ಬಿಟ್ಟದ್ದೇ ಒಳ್ಳೆಯದಾಯಿತು ನೋಡು ಎಂದು ಬೆನ್ನು ತಟ್ಟಿದರಂತೆ.

ಮಾವ ಸೊಸೆಯ ಮುಖ ನೋಡಿದ. ಬೇಡ ಎನ್ನುತ್ತಾಳೆಂದು ಎಲ್ಲರೂ ಕಾದರು.

“ಮಾಡ್ತೀನಿ,” ಎಂದಳು ಅವಳು. “ತಿನ್ನೋರು ನನ್ನ ಜೊತೆಯವರು. ಮೇಲೆ ‘ಇಪ್ಪತ್ತೈದು ವರ್ಷ’ ಅಂತ ಬರೀತೀನಿ. ಬೇರೇನೂ ಬರೆಯಲ್ಲ.”

ಮೇಸ್ತ್ರಿಗೆ ಜೀವ ಬಂತು. ಅಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಮೂರು ದಿನ ಮನೆಯೇ ಆ ಕೇಕಿನ ಸುತ್ತ ತಿರುಗಿತು. ಅತ್ತೆ ಗೊಣಗುತ್ತಲೇ ಮೊಟ್ಟೆಯ ಬಿಳಿ ಹಳದಿ ಬೇರೆ ಮಾಡಿದಳು. ಅದರಲ್ಲಿ ಅವಳ ಕೈಯನ್ನು ಯಾವ ಯಂತ್ರವೂ ಮೀರಿಸಲಾರದು. ಗಿಣಿ ಶಾಖಮಾಪಕದ ಮುಂದೆ ಕುಕ್ಕುರುಗಾಲಲ್ಲಿ ಕೂತು ಮುಳ್ಳು ಕದಲಿದರೆ ಕೂಗಿದಳು. ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕೇಕು ತಿರುಗುಮಣೆಯ ಮೇಲೆ ನಿಂತಿತ್ತು, ಈಗತಾನೇ ಇಸ್ತ್ರಿ ಮಾಡಿದ ಹಾಸಿಗೆಬಟ್ಟೆಯ ಬಿಳುಪಿನಲ್ಲಿ. ಅಂಚಿನ ಸುತ್ತ ನಕ್ಷತ್ರಗಳ ಸಾಲು. ಮೇಲಿನ ಅಂತಸ್ತಿನ ನಡುವೆ ಬರೆಯಲು ಬಿಟ್ಟ ಖಾಲಿ ಜಾಗ. ಬ್ಯಾಗಿನಲ್ಲಿ ಕಂದು ಕ್ರೀಮು ತುಂಬಿ ಸಿದ್ಧವಾಗಿತ್ತು.

ಹೊರಗೆ ಕಾರ್ಖಾನೆಯ ವ್ಯಾನು ಬಂದು ನಿಂತಿತು. ಗರಿಮುರಿ ಅಂಗಿ ತೊಟ್ಟ ಮೇಸ್ತ್ರಿ ಒಳಗೆ ಬಂದು ಜೇಬಿನಿಂದ ಒಂದು ಚೀಟಿ ತೆಗೆದ.

“ಇದನ್ನ ಬರೆಯಬೇಕಂತೆ. ಯಜಮಾನರೇ ಬರೆದು ಕೊಟ್ಟಿದ್ದಾರೆ.”

ಗಿಣಿ ಇಣುಕಿ ಜೋರಾಗಿ ಓದಿದಳು. “ನಮ್ಮೆಲ್ಲರ ಅನ್ನದಾತರಿಗೆ.”

“ತಮಗೆ ತಾವೇ ಬರ್ಕೊಂಡಿದ್ದಾರಾ?” ಎಂದಳು ಅತ್ತೆ.

“ಅಮ್ಮಾ, ನೀನು ಸುಮ್ಮನಿರು.” ಅವನು ಹೆಂಡತಿಯ ಕಡೆ ತಿರುಗಿದ. “ಬೇಗ ಬರಿ. ಹನ್ನೊಂದಕ್ಕೆ ಅಲ್ಲಿರಬೇಕು.”

ಸೊಸೆ ಚೀಟಿಯನ್ನು ಓದಿ, ಎರಡಾಗಿ ಮಡಿಸಿ ತೂಕದ ಯಂತ್ರದ ಮೇಲಿಟ್ಟಳು. ಯಂತ್ರ ಸೊನ್ನೆಯನ್ನೇ ತೋರಿಸಿತು.

“ಏನು ಬರೀತೀನಿ ಅಂತ ಮೊದಲೇ ಹೇಳಿದ್ದೆ. ಇದನ್ನ ಬರೆಯಲ್ಲ.”

“ಕೈ ನೋಯ್ತಿದೆಯಾ?”

“ಇಲ್ಲ.”

“ಮತ್ತೆ?”

“ಈ ಮನೇಲಿ ಅವರು ಹೇಳಿದ್ದನ್ನ ಬರೆಯೋರು ನೀವು. ಬ್ಯಾಗು ಅಲ್ಲಿದೆ.”

ಹೊರಗೆ ವ್ಯಾನು ಹಾರನ್ ಹೊಡೆಯಿತು. ಮೇಸ್ತ್ರಿಯ ಮುಖ ಕೆಂಪಾಯಿತು, ಆಮೇಲೆ ಬಿಳುಚಿತು. ಅವನಿಗೆ ಮಾಲೀಕನ ಭಯವಿತ್ತು. ಆ ಭಯದಲ್ಲೇ ಅವನು ಈ ಮನೆಗೆ ಅಕ್ಕಿ ತಂದಿದ್ದ, ಅದನ್ನು ಯಾರೂ ಅಲ್ಲವೆನ್ನುವಂತಿರಲಿಲ್ಲ. ಅಂಗಿಯ ತೋಳು ಮಡಿಸಿ ಬ್ಯಾಗನ್ನು ಎತ್ತಿಕೊಂಡ. ಟೂತ್‌ಪೇಸ್ಟು ಹಿಡಿದಂತೆ ನಡುವೆ ಹಿಡಿದು ಒತ್ತಿದ. ಕ್ರೀಮು ಹಿಂದಿನಿಂದ ಉಕ್ಕಿ ಅವನ ಕೈಗಡಿಯಾರದ ಮೇಲೆ ಇಳಿಯಿತು. ಬೆಚ್ಚಿ ಕೈ ಎಳೆದುಕೊಂಡ. ತಿರುಗುಮಣೆ ಮಾವ ಮಾಡಿದ್ದು. ಸ್ವಲ್ಪ ತಾಗಿದರೆ ಸಾಕು, ತಿರುಗುವುದು. ಕೇಕು ತಿರುಗಿತು, ಕೈ ಜಾರಿತು, ಮುಂದಿನ ಬಾಯಿಂದ ಬಂದ ಕ್ರೀಮು ಈ ಅಂಚಿನಿಂದ ಆ ಅಂಚಿಗೆ ಉದ್ದಕ್ಕೆ ಬಿತ್ತು.

ಬಿಳಿಯ ಕೇಕಿನ ಮೇಲೆ ಒಂದು ಸೊಟ್ಟ ಗೆರೆ. ಅಕ್ಷರ ಒಂದೂ ಇರಲಿಲ್ಲ.

ಎಲ್ಲರೂ ಅದನ್ನೇ ನೋಡಿದರು. ಮಣೆ ಸದ್ದಿಲ್ಲದೆ ಇನ್ನೊಂದು ಸುತ್ತು ಸುತ್ತಿ ನಿಂತಿತು.

“ಅಳಿಸು,” ಎಂದ ಮೇಸ್ತ್ರಿ, ಮೆಲ್ಲಗೆ.

ಸೊಸೆ ಕದಲಲಿಲ್ಲ.

“ಕೇಳಿಸ್ತಾ? ಆ ಪಟ್ಟಿ ತಗೊಂಡು ಒಂದು ಸಲ ಎಳೆದ್ರೆ ಹೋಗುತ್ತೆ. ನನಗೆ ಬರಲ್ಲ. ಏನೂ ಬರೆಯಬೇಡ, ಆಯ್ತಾ? ಅಳಿಸಿಕೊಡು ಸಾಕು.” “ಹನ್ನೆರಡು ವರ್ಷ ಊರವರ ಕಲೆ ತೆಗೆದವಳು ನೀನು. ಇದೊಂದು ತೆಗೆಯೋಕಾಗಲ್ವಾ?”

ಆಗುತ್ತಿತ್ತು. ಅರ್ಧ ನಿಮಿಷದ ಕೆಲಸವೆಂದು ಗಿಣಿಗೂ ಗೊತ್ತಿತ್ತು. ಮೇಸ್ತ್ರಿ ತಂದೆಯ ಕಡೆ ನೋಡಿದ. ಮಾವ ಜೇಬಿನಲ್ಲಿ ಕೈಯಿಟ್ಟು ಬೆಸುಗೆಯ ಕಾಳುಗಳನ್ನು ಕಟಕಟ ಆಡಿಸುತ್ತ ನಿಂತಿದ್ದ. ತಾಯಿಯ ಕಡೆ ನೋಡಿದ. ಅವಳು ಮೊಟ್ಟೆಯ ಸಿಪ್ಪೆಗಳನ್ನು ಒಟ್ಟುಮಾಡತೊಡಗಿದಳು. ಹೊರಗೆ ಹಾರನ್ ಮತ್ತೆ ಕೂಗಿತು.

ಸೊಸೆ ಸ್ಟೀಲಿನ ಪಟ್ಟಿಯನ್ನು ಎತ್ತಿಕೊಂಡಳು. ನಲ್ಲಿಯ ಕೆಳಗೆ ಹಿಡಿದು ತೊಳೆದಳು, ಎರಡೂ ಮಗ್ಗುಲು ಒರೆಸಿದಳು, ಗೋಡೆಯ ಮೊಳೆಗೆ ನೇತುಹಾಕಿದಳು.

“ಎಳೆದ ಗೆರೆ ಅಳಿಸೋ ಹಾಗಿಲ್ಲ,” ಎಂದಳು. “ಹಾಗೇ ತಗೊಂಡು ಹೋಗಿ. ಯಾರಾದ್ರೂ ಕೇಳಿದ್ರೆ, ತಾನಾಗಿ ಬಿತ್ತು ಅನ್ನಿ.”